ಇರುವೆಯೋ, ನಕ್ಷೆಯೋ: ಸಣ್ಣ ಜಾಲಕ್ಕೆ ರೌಟಿಂಗ್ ವಿಧಾನ ಆರಿಸುವವರಿಗೆ

ಕಾಗದದ ಮೇಲೆ ಐದು ಚುಕ್ಕಿ ಇಡಿ: ಕಾಸರಗೋಡು, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೆರ್ಲ. ಕಾಸರಗೋಡಿನಿಂದ ಹೆದ್ದಾರಿಯಲ್ಲೇ ಕುಂಬಳೆಗೆ ಒಂದು ಗೆರೆ. ಕುಂಬಳೆಯಿಂದ ಸೀತಾಂಗೋಳಿ, ನೀರ್ಚಾಲು ದಾಟಿ ಬದಿಯಡ್ಕಕ್ಕೆ ಒಂದು. ಕಾಸರಗೋಡಿನಿಂದ ಚೆರ್ಕಳದ ಮೂಲಕ ಬದಿಯಡ್ಕಕ್ಕೆ ಇನ್ನೊಂದು. ಅದೇ ಚೆರ್ಕಳದಲ್ಲಿ ತಿರುಗಿ ಬೋವಿಕ್ಕಾನದ ದಾರಿಯಾಗಿ ಮುಳ್ಳೇರಿಯಕ್ಕೆ ಮತ್ತೊಂದು. ಬದಿಯಡ್ಕಕ್ಕೂ ಮುಳ್ಳೇರಿಯಕ್ಕೂ ನಡುವೆ ಒಂದು. ಪೆರ್ಲಕ್ಕೆ ಮಾತ್ರ ಬದಿಯಡ್ಕದಿಂದ ಒಂದೇ ಒಂದು. ಇದು ನಾನು ಲೇಖನಕ್ಕಾಗಿ ಬರೆದುಕೊಂಡ ಕಲ್ಪಿತ ಜಾಲ. ಆದರೆ ಸಹಕಾರಿ ಸಂಘದ ಶಾಖೆಗಳನ್ನು ಜೋಡಿಸುವವರಿರಲಿ, ಕೇಬಲ್ ಟಿವಿಯ ಜೊತೆಗೆ ಇಂಟರ್‌ನೆಟ್ ಕೊಡುವವರಿರಲಿ, ನಮ್ಮ ಕಡೆ ಯಾರು ತಂತಿ ಎಳೆದರೂ ಚಿತ್ರ ಹೆಚ್ಚುಕಡಿಮೆ ಹೀಗೆಯೇ ಬರುತ್ತದೆ. ಕಂಬಗಳಿರುವುದು ರಸ್ತೆಯ ಬದಿಯಲ್ಲಿ. ತಂತಿ ಕಂಬದ ಹಿಂದೆ ಹೋಗುತ್ತದೆ.

ಬದಿಯಡ್ಕದಿಂದ ಕಾಸರಗೋಡಿಗೆ ಹೊರಟ ಪ್ಯಾಕೆಟ್, ಅಂದರೆ ದತ್ತಾಂಶದ ಒಂದು ತುಣುಕು, ಯಾವ ಗೆರೆ ಹಿಡಿಯಬೇಕು? ಇದನ್ನು ತೀರ್ಮಾನಿಸುವ ಕೆಲಸವೇ ರೌಟಿಂಗ್. ಅದಕ್ಕೆ ಹಳೆಯ ವಿಧಾನಗಳಿವೆ, ಹೊಸವೂ ಇವೆ. ನಡುವೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಹಳ ಪ್ರಿಯವಾದ ಇನ್ನೊಂದಿದೆ: ಜಾಲದೊಳಗೆ ಓಡಾಡುತ್ತಾ ದಾರಿ ಅಳೆದು ಬರುವ ಸಂಚಾರಿ ಏಜೆಂಟ್‌ಗಳು, ಅಂದರೆ ಇರುವೆಗಳ ನಡೆ ನೋಡಿ ಕಟ್ಟಿದ ಸಣ್ಣ ಸಾಫ್ಟ್‌ವೇರ್ ದೂತರು. ಜಾಲ ನಡೆಸುವವರೂ ಪ್ರಾಜೆಕ್ಟ್ ಮಾಡುವವರೂ ಒಂದೇ ಪ್ರಶ್ನೆ ಕೇಳುತ್ತಾರೆ, ಯಾವುದು ಒಳ್ಳೆಯದು ಎಂದು. ಇಬ್ಬರಿಗೂ ಒಂದೇ ಉತ್ತರ ಕೊಟ್ಟರೆ ಒಬ್ಬರಿಗಂತೂ ಅನ್ಯಾಯವಾಗುತ್ತದೆ.

ಪೆರ್ಲದ ವಿಷಯ ಮೊದಲೇ ಮುಗಿಸಿಬಿಡೋಣ. ಅಲ್ಲಿಗೆ ಇರುವುದು ಒಂದೇ ದಾರಿ. ಅದು ತುಂಡಾದರೆ ಇರುವೆಯೂ ದಾಟುವುದಿಲ್ಲ, ನಕ್ಷೆಯೂ ದಾಟಿಸುವುದಿಲ್ಲ. ಎರಡನೆಯ ಲಿಂಕ್‌ಗೆ ಹಣ ಹೊಂದಿಸಬೇಕಾದ ಕಡೆ ರೌಟಿಂಗ್ ವಿಧಾನದ ಚರ್ಚೆ ಕಾಲಹರಣ.

ರಿಪ್: ಕೈಬಿಡಿ

ಹಳೆಯ ವಿಧಾನಗಳಲ್ಲಿ ತೀರ ಸರಳವಾದದ್ದು ರಿಪ್. ಪ್ರತಿ ರೌಟರ್, ಅಂದರೆ ಚುಕ್ಕಿಯಲ್ಲಿ ಕೂತು ದಾರಿ ತೋರಿಸುವ ಯಂತ್ರ, ಯಾವ ಊರಿಗೆ ಎಷ್ಟು ಹೆಜ್ಜೆ ಎಂಬ ತನ್ನ ಪಟ್ಟಿಯನ್ನು 30 ಸೆಕೆಂಡಿಗೊಮ್ಮೆ ಪಕ್ಕದವರಿಗೆ ಹೇಳುತ್ತದೆ. ಪಕ್ಕದ ಮನೆಯವರು ಹೇಳಿದ್ದನ್ನೇ ನಂಬಿ, ಅದಕ್ಕೆ ಒಂದು ಸೇರಿಸಿ, ಆಚೆ ಮನೆಗೆ ಮುಟ್ಟಿಸಿದ ಹಾಗೆ. ಒಂದು ರೌಟರಿನಿಂದ ಪಕ್ಕದ್ದಕ್ಕೆ ಒಂದು ಹೆಜ್ಜೆ. 15 ಹೆಜ್ಜೆಯವರೆಗೆ ದಾರಿ, 16 ಎಂದರೆ ದಾರಿಯೇ ಇಲ್ಲ. ಪಕ್ಕದ ರೌಟರಿನ ಮಾತು 180 ಸೆಕೆಂಡು ಕೇಳದಿದ್ದರೆ ಅದು ಹೇಳಿದ ದಾರಿ ಸತ್ತಿತೆಂದು ಲೆಕ್ಕ.

ಇದರ ಕುಖ್ಯಾತ ದೋಷವನ್ನು ನಮ್ಮ ನಕ್ಷೆಯಲ್ಲೇ ನೋಡಬಹುದು. ಪೆರ್ಲದ ತಂತಿ ಹೋಯಿತು. ಬದಿಯಡ್ಕ ಆ ಸುದ್ದಿಯನ್ನು ಕುಂಬಳೆಗೂ ಕಾಸರಗೋಡಿಗೂ ಕಳಿಸಿತು. ಕಾಸರಗೋಡಿಗೆ ಹೋದ ಪ್ಯಾಕೆಟ್ ದಾರಿಯಲ್ಲಿ ಕಳೆದುಹೋಯಿತು. ಹಳೆಯ ಪಟ್ಟಿಯನ್ನೇ ಇಟ್ಟುಕೊಂಡ ಕಾಸರಗೋಡು, ‘ಪೆರ್ಲ ನನ್ನಿಂದ ಎರಡು ಹೆಜ್ಜೆ’ ಎಂದು ಕುಂಬಳೆಗೆ ಹೇಳುತ್ತದೆ. ಕುಂಬಳೆ ಮೂರು ಎಂದು ಬರೆದುಕೊಂಡು ಬದಿಯಡ್ಕಕ್ಕೆ ಹೇಳುತ್ತದೆ, ಬದಿಯಡ್ಕ ನಾಲ್ಕು ಎಂದು ಕಾಸರಗೋಡಿಗೆ, ಕಾಸರಗೋಡು ಐದು ಎಂದು ಮತ್ತೆ ಕುಂಬಳೆಗೆ. ಇಲ್ಲದ ಪೆರ್ಲದ ದಾರಿ ತ್ರಿಕೋನದಲ್ಲಿ ಸುತ್ತಿ ಸುತ್ತಿ 16 ಮುಟ್ಟುವವರೆಗೂ ಪ್ಯಾಕೆಟ್‌ಗಳು ಸುಮ್ಮನೆ ಗಿರಕಿ ಹೊಡೆಯುತ್ತವೆ. ಹೇಳಿದವರಿಗೇ ತಿರುಗಿ ಹೇಳಬಾರದೆಂಬ ನಿಯಮ ಇಬ್ಬರ ನಡುವಿನ ಸುತ್ತನ್ನು ತಡೆಯುತ್ತದೆ, ಮೂವರ ಸುತ್ತನ್ನು ತಡೆಯುವುದಿಲ್ಲ. ಪಾಠ ಕಲಿಯಲು ರಿಪ್ ಚೆನ್ನ. ದುಡ್ಡು ಕೊಡುವ ಗ್ರಾಹಕರಿರುವ ಜಾಲಕ್ಕೆ ಇಂದು ಅದನ್ನು ಹಾಕಲು ಕಾರಣವೇ ಇಲ್ಲ.

ಓಎಸ್‌ಪಿಎಫ್: ನಕ್ಷೆ ಇಟ್ಟುಕೊಂಡವನ ಧೈರ್ಯ

ಓಎಸ್‌ಪಿಎಫ್ ಬೇರೆಯದೇ ಜಾತಿ. ಇಲ್ಲಿ ಪ್ರತಿ ರೌಟರಿನ ಬಳಿಯೂ ಇಡೀ ಜಾಲದ ನಕ್ಷೆ ಇರುತ್ತದೆ. ಎಲ್ಲಿಯೋ ಒಂದು ಗೆರೆ ಕಡಿದರೆ ಆ ಸುದ್ದಿ ಎಲ್ಲರಿಗೂ ಹರಡುತ್ತದೆ, ಪ್ರತಿಯೊಬ್ಬರೂ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತಮ್ಮ ತಮ್ಮ ದಾರಿಯನ್ನು ಹೊಸದಾಗಿ ಲೆಕ್ಕ ಹಾಕುತ್ತಾರೆ. ಬದಿಯಡ್ಕದ ರೌಟರಿಗೆ ಮುಳ್ಳೇರಿಯ ಕಾಸರಗೋಡಿನ ಜೊತೆ ನೇರ ಸಂಪರ್ಕದಲ್ಲಿದೆ ಎಂದು ಯಾರ ಮಾತಿನ ಮೇಲೂ ನಂಬಬೇಕಾಗಿಲ್ಲ, ನಕ್ಷೆಯಲ್ಲಿ ಕಾಣುತ್ತದೆ.

ಬದುಕಿದ್ದೇನೆಂದು ಪಕ್ಕದವರಿಗೆ ತಿಳಿಸುವ ಇದರ ಹಲೋ ಪ್ಯಾಕೆಟ್ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಹೋಗುತ್ತದೆ, 40 ಸೆಕೆಂಡು ಸದ್ದಿಲ್ಲದಿದ್ದರೆ ಪಕ್ಕದವನು ಸತ್ತನೆಂದು ತೀರ್ಮಾನ. ಫೈಬರ್ ನೇರವಾಗಿ ರೌಟರಿಗೆ ಬಂದಿದ್ದರೆ ಇಷ್ಟು ಕಾಯಬೇಕಾಗಿಲ್ಲ, ಬೆಳಕು ಆರಿದ ಕೂಡಲೇ ಗೊತ್ತಾಗುತ್ತದೆ. ನಡುವೆ ಮೀಡಿಯಾ ಕನ್ವರ್ಟರೋ (ಫೈಬರಿನ ಬೆಳಕನ್ನು ತಾಮ್ರದ ತಂತಿಗೆ ಒಗ್ಗಿಸುವ ಪೆಟ್ಟಿಗೆ) ಸ್ವಿಚ್ಚೋ ಇದ್ದರೆ ಮಾತ್ರ ತೊಂದರೆ: ತಂತಿ ಆಚೆ ಕಡಿದಿದ್ದರೂ ಈಚೆಯ ಪೋರ್ಟಿನ ಹಸಿರು ದೀಪ ಮಿನುಗುತ್ತಲೇ ಇರುತ್ತದೆ. ಅಂಥ ಕಡೆ ಬಿಎಫ್‌ಡಿ ಎಂಬ ಚುರುಕು ಪರೀಕ್ಷೆಯನ್ನು ಜೊತೆಗೆ ಹಾಕಿದರೆ ಒಂದು ಸೆಕೆಂಡಿನೊಳಗೇ ಸುದ್ದಿ ಸಿಗುತ್ತದೆ.

ಓಎಸ್‌ಪಿಎಫ್ ಹಾಕಿದವರೂ ಎಡವುವ ಒಂದು ಕಡೆ ಇದೆ. ಬಹಳಷ್ಟು ರೌಟರ್‌ಗಳಲ್ಲಿ ಲಿಂಕಿನ ವೆಚ್ಚವನ್ನು (ಹಣವಲ್ಲ, ದಾರಿ ಆರಿಸಲು ಹೋಲಿಸುವ ಅಂಕಿ; ಕಡಿಮೆ ಇದ್ದಷ್ಟೂ ಒಳ್ಳೆಯದು) 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಅನ್ನು ಲಿಂಕಿನ ವೇಗದಿಂದ ಭಾಗಿಸಿ ಲೆಕ್ಕ ಹಾಕುತ್ತಾರೆ, ಒಂದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಚೆರ್ಕಳದ ದಾರಿಯ ಒಂದು ಗಿಗಾಬಿಟ್ ಫೈಬರಿಗೂ ಗುಡ್ಡದಿಂದ ಗುಡ್ಡಕ್ಕೆ ಹಾರಿಸಿದ 100 ಎಂಬಿಪಿಎಸ್ ರೇಡಿಯೋಗೂ ವೆಚ್ಚ ಒಂದೇ ಆಗಿಬಿಡುತ್ತದೆ. ಸಮ ವೆಚ್ಚದ ದಾರಿಗಳು ಕಂಡರೆ ಓಎಸ್‌ಪಿಎಫ್ ಎರಡಕ್ಕೂ ಸಮನಾಗಿ ಹಂಚುತ್ತದೆ, ರೇಡಿಯೋ ಉಸಿರುಗಟ್ಟುತ್ತದೆ. ಆಧಾರ ವೇಗವನ್ನು, ಅಂದರೆ ಆ 100 ಎಂಬಿಪಿಎಸ್ ಅನ್ನು, ಹತ್ತು ಗಿಗಾಬಿಟ್ ಎಂದು ಬದಲಿಸಿ, ಎಲ್ಲ ರೌಟರ್‌ಗಳಲ್ಲೂ ಅದೇ ಸಂಖ್ಯೆ ಇಡಿ.

ಓಎಸ್‌ಪಿಎಫ್‌ನ ನಿಜವಾದ ಮಿತಿ ಬೇರೆ. ಅದಕ್ಕೆ ತಂತಿ ಇದೆಯೇ ಇಲ್ಲವೇ ಎಂಬುದು ಗೊತ್ತು; ತಂತಿಯಲ್ಲಿ ಎಷ್ಟು ಜನದಟ್ಟಣೆ ಇದೆ ಎಂಬುದು ಗೊತ್ತಿಲ್ಲ. ಚೆರ್ಕಳದ ದಾರಿ ತುಂಬಿ ತುಳುಕುತ್ತಿದ್ದು ಕುಂಬಳೆಯ ದಾರಿ ಖಾಲಿ ಬಿದ್ದಿದ್ದರೂ ಅದು ಚೆರ್ಕಳವನ್ನೇ ಹಿಡಿದು ಕೂರುತ್ತದೆ.

ಹಾಗಾದರೆ ದಟ್ಟಣೆಯನ್ನೂ ಅಳೆದು ದಾರಿ ಬದಲಿಸಿದರಾಯಿತಲ್ಲ? ಇಂಟರ್‌ನೆಟ್ಟಿನ ಪೂರ್ವಜ ಅರ್ಪಾನೆಟ್‌ನಲ್ಲಿ 1979ರಲ್ಲಿ ಇದನ್ನೇ ಮಾಡಿದರು. ಪ್ರತಿ ಲಿಂಕಿನ ವಿಳಂಬವನ್ನು ಹತ್ತು ಸೆಕೆಂಡುಗಳ ಸರಾಸರಿಯಲ್ಲಿ ಅಳೆದು, ಅದನ್ನೇ ವೆಚ್ಚವಾಗಿ ಎಲ್ಲರಿಗೂ ಹಂಚಿದರು. ಸಂಚಾರ ಕಡಿಮೆ ಇದ್ದಾಗ ಸೊಗಸಾಗಿ ನಡೆಯಿತು. ಹೆಚ್ಚಾದಾಗ ಎಲ್ಲ ರೌಟರ್‌ಗಳೂ ಒಟ್ಟಿಗೆ ಖಾಲಿ ದಾರಿಗೆ ನುಗ್ಗಿ ಅದನ್ನು ತುಂಬಿಸಿದವು, ಹಳೆಯ ದಾರಿ ಖಾಲಿಯಾಯಿತು, ಮುಂದಿನ ಅಳತೆಯಲ್ಲಿ ಎಲ್ಲವೂ ಒಟ್ಟಿಗೆ ವಾಪಸು. 1980ರ ದಶಕದ ಕೊನೆಯ ಭಾಗದಲ್ಲಿ ವೆಚ್ಚದ ಏರಿಳಿತಕ್ಕೆ ಲಗಾಮು ಹಾಕಿದ ಮೇಲೆ ಈ ತೂಗಾಟ ಹತೋಟಿಗೆ ಬಂತು. ದಟ್ಟಣೆಯನ್ನು ನೋಡಿ ದಾರಿ ಬದಲಿಸುವ ಯಾವ ವಿಧಾನಕ್ಕೂ ಇದೇ ಅಗ್ನಿಪರೀಕ್ಷೆ.

ಇರುವೆಗಳು ಏನು ಮಾಡುತ್ತವೆ

1980ರ ದಶಕದ ಕೊನೆಯಲ್ಲಿ ಬೆಲ್ಜಿಯಂನ ಸಂಶೋಧಕರು ಅರ್ಜೆಂಟೀನಾದ ಇರುವೆಗಳ ಗೂಡಿಗೂ ಆಹಾರಕ್ಕೂ ನಡುವೆ ಒಂದು ಉದ್ದ, ಒಂದು ಗಿಡ್ಡ ಸೇತುವೆ ಇಟ್ಟು ನೋಡಿದರು. ಬಹುಪಾಲು ಇರುವೆಗಳು ಸ್ವಲ್ಪ ಹೊತ್ತಿನಲ್ಲಿ ಗಿಡ್ಡ ಸೇತುವೆಗೇ ಕೂಡಿದವು. ಯಾವ ಇರುವೆಗೂ ನಕ್ಷೆ ಗೊತ್ತಿರಲಿಲ್ಲ. ಗಿಡ್ಡ ದಾರಿಯಲ್ಲಿ ಹೋದವು ಬೇಗ ಮರಳಿದ್ದರಿಂದ ಅಲ್ಲಿ ವಾಸನೆಯ ಗುರುತು ಬೇಗ ಗಾಢವಾಯಿತು, ಅಷ್ಟೇ. ಮಾರ್ಕೊ ಡೊರಿಗೊ 1992ರ ತಮ್ಮ ಸಂಶೋಧನ ಪ್ರಬಂಧದಲ್ಲಿ ಇದನ್ನು ಲೆಕ್ಕ ಬಿಡಿಸುವ ವಿಧಾನವನ್ನಾಗಿ ಮಾಡಿದರು. ಬ್ರಿಸ್ಟಲ್‌ನ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದ ಕೆಲಸದಲ್ಲಿ ಸ್ಕೂಂಡರ್‌ವೂರ್ಡ್ ಮತ್ತು ಸಂಗಡಿಗರು ಬ್ರಿಟಿಷ್ ಟೆಲಿಕಾಂನ 30 ನೋಡ್‌ಗಳ (ಗೆರೆಗಳು ಕೂಡುವ ಚುಕ್ಕಿಗಳ) ದೂರವಾಣಿ ಜಾಲದ ಮಾದರಿಯ ಮೇಲೆ ಇದನ್ನು ಪ್ರಯೋಗಿಸಿದರು. 1998ರಲ್ಲಿ ಜಿಯಾನಿ ಡಿ ಕಾರೊ ಮತ್ತು ಡೊರಿಗೊ ಪ್ಯಾಕೆಟ್ ಜಾಲಗಳಿಗಾಗಿ ಆಂಟ್‌ನೆಟ್ ಪ್ರಕಟಿಸಿದರು. ಇಂದು ಪ್ರಾಜೆಕ್ಟ್‌ಗಳಲ್ಲಿ ಕಾಣುವ ಬಹುತೇಕ ‘ಇರುವೆ ರೌಟಿಂಗ್’ ಇದರ ಮಕ್ಕಳು, ಮೊಮ್ಮಕ್ಕಳು.

ಆಂಟ್‌ನೆಟ್ ನಮ್ಮ ನಕ್ಷೆಯಲ್ಲಿ ಹೇಗೆ ನಡೆಯುತ್ತದೆ ನೋಡಿ. ಬದಿಯಡ್ಕದ ರೌಟರ್ ಪ್ರತಿ 0.3 ಸೆಕೆಂಡಿಗೆ ಒಂದು ಇರುವೆಯನ್ನು, ಅಂದರೆ ಒಂದು ಪುಟ್ಟ ಪ್ಯಾಕೆಟ್ಟನ್ನು, ಯಾವುದಾದರೂ ಒಂದು ಗುರಿಗೆ ಕಳಿಸುತ್ತದೆ; ಹೆಚ್ಚು ಸಂಚಾರ ಇರುವ ಗುರಿಗೆ ಹೆಚ್ಚು ಸಲ. ಈ ಮುನ್ನಡೆಯ ಇರುವೆ ಉಳಿದ ಪ್ಯಾಕೆಟ್‌ಗಳ ಜೊತೆಗೇ ಸಾಲಿನಲ್ಲಿ ನಿಲ್ಲುತ್ತದೆ, ಅದಕ್ಕೆ ವಿಶೇಷ ಮರ್ಯಾದೆ ಇಲ್ಲ. ಜನರ ದತ್ತಾಂಶಕ್ಕೆ ಆಗುವ ವಿಳಂಬವೇ ಅದಕ್ಕೂ ಆಗಬೇಕು ಎಂಬುದೇ ಇದರ ಮರ್ಮ. ಹೋದ ಹೋದ ಕಡೆ ರೌಟರಿನ ಹೆಸರು, ತಗುಲಿದ ಸಮಯ ಬರೆದುಕೊಳ್ಳುತ್ತದೆ. ಸುತ್ತಿ ಹಳೆಯ ಜಾಗಕ್ಕೇ ಬಂದರೆ ಆ ಸುತ್ತನ್ನು ನೆನಪಿನಿಂದ ಅಳಿಸುತ್ತದೆ. ಗುರಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ, ಆಗ ಮಾತ್ರ ಸಾಲು ತಪ್ಪಿಸಿ ಮುಂದೆ ಹೋಗಲು ಅನುಮತಿ. ಬರುವಾಗ ಪ್ರತಿ ರೌಟರಿನ ಪಟ್ಟಿಯನ್ನೂ ತಿದ್ದುತ್ತದೆ.

ಪಟ್ಟಿಯಲ್ಲಿ ‘ಇದೇ ದಾರಿ’ ಎಂದು ಇರುವುದಿಲ್ಲ, ಪಾಲು ಇರುತ್ತದೆ. ಬದಿಯಡ್ಕದಿಂದ ಕಾಸರಗೋಡಿಗೆ ಚೆರ್ಕಳದ ದಾರಿ 0.60, ಕುಂಬಳೆಯ ದಾರಿ 0.30, ಮುಳ್ಳೇರಿಯದ ದಾರಿ 0.10 ಎಂದಿರಲಿ. ಕುಂಬಳೆಯ ಕಡೆಯಿಂದ ಇರುವೆಯೊಂದು ಒಳ್ಳೆಯ ಸಮಯ ಹೊತ್ತು ತಂದಿತು, ಅದಕ್ಕೆ 0.2ರ ಬಹುಮಾನ. ಕುಂಬಳೆಯ ಪಾಲಿಗೆ, ಒಂದಕ್ಕೆ ಎಷ್ಟು ಕಡಿಮೆ ಇತ್ತೋ ಅದರ ಐದನೆಯ ಒಂದಂಶ ಸೇರುತ್ತದೆ: 0.30 ಜೊತೆಗೆ 0.14, ಒಟ್ಟು 0.44. ಉಳಿದವರ ಪಾಲಿನ ಐದನೆಯ ಒಂದಂಶ ಹೋಗುತ್ತದೆ: ಚೆರ್ಕಳ 0.48, ಮುಳ್ಳೇರಿಯ 0.08. ಕೂಡಿಸಿದರೆ ಮತ್ತೆ ಸರಿಯಾಗಿ ಒಂದು. ಬಹುಮಾನ ಎಷ್ಟೆಂಬುದು ಆ ಗುರಿಗೆ ಇತ್ತೀಚೆಗೆ ಸಿಕ್ಕ ಒಳ್ಳೆಯ ಸಮಯ, ಸರಾಸರಿ ಮತ್ತು ಏರಿಳಿತಕ್ಕೆ ಹೋಲಿಸಿ ನಿರ್ಧಾರವಾಗುತ್ತದೆ. 40 ಮಿಲಿಸೆಕೆಂಡ್ ಒಳ್ಳೆಯದೋ ಕೆಟ್ಟದ್ದೋ ಎಂಬುದು ನಿನ್ನೆಯವರೆಗೆ ಎಷ್ಟಿತ್ತು ಎಂಬುದರ ಮೇಲೆ ತಾನೆ?

ಅರ್ಪಾನೆಟ್ಟಿನ ತೂಗಾಟ ಇಲ್ಲಿ ಬಹುಮಟ್ಟಿಗೆ ತಪ್ಪುವುದು ಈ ಪಾಲುಗಾರಿಕೆಯಿಂದ. ಎಲ್ಲರೂ ಒಮ್ಮೆಲೇ ಕುಂಬಳೆಗೆ ನುಗ್ಗುವುದಿಲ್ಲ. ನೂರರಲ್ಲಿ 30 ಇದ್ದದ್ದು 44 ಆಗುತ್ತದೆ, ದಾರಿ ನಿಧಾನವಾದರೆ ಮತ್ತೆ ಇಳಿಯುತ್ತದೆ. ಯಾರೂ ಬಳಸದ ಮುಳ್ಳೇರಿಯದ ದಾರಿಯನ್ನೂ ಆಗೊಂದು ಈಗೊಂದು ಇರುವೆ ಪರೀಕ್ಷಿಸುತ್ತಲೇ ಇರುತ್ತದೆ. ಮೂಲ ಪ್ರಯೋಗದಲ್ಲಿ ಅಮೆರಿಕದ ಎನ್‌ಎಸ್‌ಎಫ್‌ನೆಟ್ ಮಾದರಿ (14 ನೋಡ್, 21 ಲಿಂಕ್) ಮತ್ತು ಜಪಾನಿನ ಎನ್‌ಟಿಟಿ ಜಾಲದ ಮಾದರಿ (57 ನೋಡ್) ಎರಡರ ಮೇಲೂ ಆಂಟ್‌ನೆಟ್ಟನ್ನು ಓಎಸ್‌ಪಿಎಫ್ ಸೇರಿದಂತೆ ಹಲವು ವಿಧಾನಗಳಿಗೆ ಹೋಲಿಸಿದರು. ಭಾರಿ ದಟ್ಟಣೆಯಲ್ಲಿ ಇರುವೆಗಳ ಕೈ ಮೇಲಾಯಿತು. ಇದು ಸಣ್ಣ ಸಾಧನೆಯೇನಲ್ಲ.

ಆದರೂ ಇದನ್ನು ನಮ್ಮ ಐದು ಊರಿನ ಜಾಲಕ್ಕೆ ಹಾಕಿ ಎಂದು ನಾನು ಹೇಳುವುದಿಲ್ಲ. ಕಾರಣಗಳಲ್ಲಿ ದೊಡ್ಡದನ್ನು ಮೊದಲು ಹೇಳುತ್ತೇನೆ. ಒಂದೇ ಡೌನ್‌ಲೋಡಿನ ಪ್ಯಾಕೆಟ್‌ಗಳನ್ನು ಪಾಲಿನ ಪ್ರಕಾರ ಮೂರು ದಾರಿಗೆ ಎರಚಿದರೆ ಅವು ಕ್ರಮ ತಪ್ಪಿ ತಲಪುತ್ತವೆ. ಹಿಂದಿನದು ಬಾರದೆ ಮುಂದಿನವು ಬಂದರೆ, ‘ಇಲ್ಲಿಯವರೆಗಿನದು ಮುಟ್ಟಿದೆ’ ಎಂಬ ಅದೇ ಹಳೆಯ ಉತ್ತರ ಮೂರು ಸಲ ಬಂದ ಕೂಡಲೇ ಟಿಸಿಪಿ (ಪ್ಯಾಕೆಟ್‌ಗಳು ತಪ್ಪದೆ, ಕ್ರಮವಾಗಿ ಮುಟ್ಟುವಂತೆ ನೋಡಿಕೊಳ್ಳುವ ವ್ಯವಸ್ಥೆ) ಅದನ್ನು ಪ್ಯಾಕೆಟ್ ನಷ್ಟವೆಂದು ತಿಳಿದು ವೇಗವನ್ನು ಕಡಿತ ಮಾಡುತ್ತದೆ. ದಾರಿಗಳು ಖಾಲಿ ಇದ್ದರೂ ಗ್ರಾಹಕನಿಗೆ ನೆಟ್ ನಿಧಾನ. ಆಂಟ್‌ನೆಟ್‌ನ ಮೂಲ ಪ್ರಯೋಗದಲ್ಲಿ ಟಿಸಿಪಿಯಂಥ ದಟ್ಟಣೆ ನಿಯಂತ್ರಣವನ್ನು ಬೇಕೆಂದೇ ಹೊರಗಿಟ್ಟಿದ್ದರು, ರೌಟಿಂಗಿನ ಗುಣವಷ್ಟೇ ಬೇರೆಯಾಗಿ ಕಾಣಲೆಂದು. ಪ್ರಯೋಗಕ್ಕೆ ಅದು ನ್ಯಾಯ, ಬದಿಯಡ್ಕಕ್ಕೆ ಅಲ್ಲ. ಒಂದು ಸಂಪರ್ಕದ ಎಲ್ಲ ಪ್ಯಾಕೆಟ್‌ಗಳನ್ನೂ ಒಂದೇ ದಾರಿಗೆ ಕಟ್ಟಿಹಾಕಿ ಈ ತೊಂದರೆ ತಪ್ಪಿಸಬಹುದು. ಹಾಗೆ ಮಾಡಿದರೆ ಇರುವೆಯ ನಯವಾದ ಹಂಚಿಕೆಯಲ್ಲಿ ಅರ್ಧ ಹೋಯಿತು.

ಎರಡನೆಯದು ದುರಸ್ತಿಯ ಕಷ್ಟ. ರಾತ್ರಿ ಒಂಬತ್ತಕ್ಕೆ ಫೋನ್ ಬರುತ್ತದೆ, ವೀಡಿಯೋ ಕಾಲ್ ಕಡಿಯುತ್ತಿದೆ ಎಂದು. ಓಎಸ್‌ಪಿಎಫ್ ಇದ್ದರೆ ಟ್ರೇಸ್‌ರೂಟ್ ಹೊಡೆದು ಪ್ಯಾಕೆಟ್ ಯಾವ ದಾರಿ ಹಿಡಿದಿದೆ ಎಂದು ಹೇಳಬಹುದು, ಹತ್ತು ನಿಮಿಷದ ಹಿಂದೆಯೂ ಅದೇ ದಾರಿ ಇತ್ತೆಂದು ನಂಬಬಹುದು. ಇರುವೆಗಳ ಜಾಲದಲ್ಲಿ ಪ್ರತಿ ಸಲವೂ ಬೇರೆ ಉತ್ತರ. ಕೆಟ್ಟಿರುವ ಲಿಂಕ್ ಯಾವುದು ಎಂದು ಹುಡುಕುವವನ ಪಾಡು ದೇವರಿಗೇ ಪ್ರೀತಿ.

ಗಾತ್ರದ ಲೆಕ್ಕ ಸ್ವಾರಸ್ಯಕರವಾಗಿದೆ. ಐದು ನೋಡ್, 0.3 ಸೆಕೆಂಡಿಗೊಂದು ಇರುವೆ ಎಂದರೆ ಇಡೀ ಜಾಲದಲ್ಲಿ ಸೆಕೆಂಡಿಗೆ 17ರ ಆಸುಪಾಸು ಇರುವೆಗಳು ಹುಟ್ಟುತ್ತವೆ. ಇದು ಏನೇನೂ ಭಾರವಲ್ಲ. ಒಂದು ನೋಡಿನಿಂದ ಒಂದು ಗುರಿಗೆ ಸುಮಾರು 1.2 ಸೆಕೆಂಡಿಗೊಂದು ಹೊರಡುತ್ತದೆ, ಸುದ್ದಿ ತಾಜಾ. ಅದೇ 57 ನೋಡ್‌ಗಳಲ್ಲಿ ಗುರಿಗಳನ್ನು ಸಮನಾಗಿ ಹಂಚಿದರೆ ಒಂದು ಗುರಿಗೆ ಮತ್ತೊಂದು ಇರುವೆ ಹೊರಡಲು ಸುಮಾರು 17 ಸೆಕೆಂಡು ಬೇಕು. ದಾರಿಯ ನಡುವಿನ ನೋಡ್‌ಗಳಿಗೂ ಇರುವೆ ಸುದ್ದಿ ಕೊಡುತ್ತಾ ಹೋಗುವುದರಿಂದ ವಾಸ್ತವ ಇಷ್ಟು ಕೆಟ್ಟದಾಗಿರುವುದಿಲ್ಲ. ಆದರೆ ಸಾವಿರ ನೋಡ್‌ಗಳೆಂದರೆ ಇರುವೆಯನ್ನು ಹೆಚ್ಚಿಸಬೇಕು, ಇಲ್ಲವೇ ಹಳಸಿದ ಸುದ್ದಿಯಲ್ಲೇ ಬದುಕಬೇಕು. ವಿಪರ್ಯಾಸ ಏನೆಂದರೆ, ಇರುವೆ ಹಗುರವಾಗಿ ನಡೆಯುವ ಸಣ್ಣ ಜಾಲದಲ್ಲಿ ಆರಿಸಲು ದಾರಿಗಳೇ ಕಡಿಮೆ.

ಏಜೆಂಟ್ ಎಂದರೆ ಪ್ರೋಗ್ರಾಂ ಹೊತ್ತು ಹೋಗುವುದೋ, ಸುದ್ದಿ ಹೊತ್ತು ಹೋಗುವುದೋ

ಇಲ್ಲಿ ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರು ಅಂಟಿಕೊಂಡಿದೆ, ಹೋಲಿಸುವಾಗ ಇದನ್ನು ಬಿಡಿಸಿಕೊಳ್ಳದಿದ್ದರೆ ತಲೆ ಕೆಡುತ್ತದೆ. ಆಂಟ್‌ನೆಟ್ಟಿನ ಇರುವೆ ಅಂಕಿಗಳನ್ನು ಮಾತ್ರ ಹೊರುತ್ತದೆ. ಲೆಕ್ಕ ಮಾಡುವ ಪ್ರೋಗ್ರಾಂ ರೌಟರಿನಲ್ಲಿ ಮೊದಲೇ ಇರುತ್ತದೆ. ನಿಜವಾದ ಸಂಚಾರಿ ಏಜೆಂಟ್ ತನ್ನ ಪ್ರೋಗ್ರಾಮನ್ನೇ ಬೆನ್ನಿಗೆ ಕಟ್ಟಿಕೊಂಡು ಹೋಗಿ ಇನ್ನೊಂದು ಯಂತ್ರದಲ್ಲಿ ನಡೆಯುತ್ತದೆ. 1990ರ ದಶಕದಲ್ಲಿ ಜನರಲ್ ಮ್ಯಾಜಿಕ್ ಕಂಪನಿಯ ಟೆಲಿಸ್ಕ್ರಿಪ್ಟ್, ಐಬಿಎಂನ ಜಪಾನ್ ಪ್ರಯೋಗಾಲಯದ ಆಗ್ಲೆಟ್ಸ್ ಇಂಥವನ್ನು ಕಟ್ಟಲೆಂದೇ ಬಂದವು. ಆಗ ಇದ್ದ ಉತ್ಸಾಹ ಅಷ್ಟಿಷ್ಟಲ್ಲ.

1995ರಲ್ಲೇ ಐಬಿಎಂನ ಮೂವರು ಸಂಶೋಧಕರು ತಣ್ಣಗೆ ಕೂತು ಇದನ್ನು ತೂಗಿ ನೋಡಿದ್ದರು. ಏಜೆಂಟ್‌ನಿಂದ ಆಗುವ ಒಂದೊಂದು ಲಾಭವನ್ನೂ ಬಿಡಿಯಾಗಿ ತೆಗೆದುಕೊಂಡರೆ ಬಹುತೇಕ ಎಲ್ಲವನ್ನೂ ಬೇರೆ ವಿಧಾನದಲ್ಲಿ ಪಡೆಯಬಹುದು, ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಸಿಗುವುದೇ ಅದರ ಆಕರ್ಷಣೆ ಎಂಬುದು ಅವರ ತೀರ್ಮಾನದ ಸಾರ. ರೌಟಿಂಗಿನ ಮಟ್ಟಿಗೆ ಆ ಮಾತು ಇಂದಿಗೂ ನಿಂತಿದೆ ಎಂದೇ ನನ್ನ ಅಭಿಪ್ರಾಯ. ಹೊರಗಿನಿಂದ ಬಂದ ಪ್ರೋಗ್ರಾಮನ್ನು ನಡೆಸು ಎಂದು ರೌಟರಿನ ಬಾಗಿಲು ತೆರೆದಿಡುವುದು ಸಣ್ಣ ಸಂಗತಿಯಲ್ಲ. ಕೆಟ್ಟ ಏಜೆಂಟ್‌ನಿಂದ ರೌಟರನ್ನು ಕಾಪಾಡಲು ಸಹಿ, ಬೇಲಿ ಇತ್ಯಾದಿ ಇವೆ. ಕೆಟ್ಟ ರೌಟರಿನಿಂದ ಏಜೆಂಟನ್ನು ಕಾಪಾಡುವುದು ಹೇಗೆ? ಅದರ ನೆನಪೆಲ್ಲ ಆ ಯಂತ್ರದ ಕೈಯಲ್ಲೇ ಇರುತ್ತದೆ. ತನಗೆ ಬೇಕಾದ ಸಮಯವನ್ನು ಬರೆದು ಕಳಿಸಿದರೆ ಊರಿನ ಸಂಚಾರವೆಲ್ಲ ಅದರ ಬಾಯಿಗೆ. ಓಎಸ್‌ಪಿಎಫ್‌ನಲ್ಲೂ ಸುಳ್ಳುಗಾರ ರೌಟರ್ ಹಾನಿ ಮಾಡಬಲ್ಲದು, ಆದರೆ ಅಲ್ಲಿ ಪಾಸ್‌ವರ್ಡ್ ದೃಢೀಕರಣ ಸಿದ್ಧವಾಗಿದೆ, ಸುಳ್ಳು ನಕ್ಷೆಯಲ್ಲಿ ಎದ್ದು ಕಾಣುತ್ತದೆ.

ಅಲೆದಾಡುವ ಏಜೆಂಟ್‌ಗಳ ಬಗ್ಗೆ 1999ರ ಸುಮಾರಿಗೆ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿನಾರ್, ಕ್ರೇಮರ್, ಮೇಸ್ ಮಾಡಿದ ಅಧ್ಯಯನದ ಒಂದು ಫಲಿತಾಂಶ ನನಗೆ ಬಹಳ ಇಷ್ಟ. ಸ್ಥಾನ ಬದಲಿಸುವ ವೈರ್‌ಲೆಸ್ ನೋಡ್‌ಗಳ ನಡುವೆ ಕೆಲವು ಏಜೆಂಟ್‌ಗಳು ಮನಬಂದಂತೆ ತಿರುಗಿದವು. ಕೆಲವು, ಬಹಳ ಹೊತ್ತಿನಿಂದ ತಾವು ಹೋಗದ ನೋಡನ್ನೇ ಹುಡುಕಿ ಹೋದವು. ಎರಡನೆಯ ಜಾತಿಯೇ ಮೇಲು. ಭೇಟಿಯಾದಾಗ ಪರಸ್ಪರ ಸುದ್ದಿ ಹಂಚಿಕೊಳ್ಳಿ ಎಂದಾಗ ಮನಬಂದಂತೆ ತಿರುಗುವವಕ್ಕೆ ಲಾಭವಾಯಿತು, ಜಾಣರಿಗೆ ನಷ್ಟವಾಯಿತು. ನೆನಪು ಒಂದೇ ಆದ ಮೇಲೆ ಇಬ್ಬರೂ ಮುಂದಿನ ಹೆಜ್ಜೆಯನ್ನೂ ಒಂದೇ ಕಡೆಗೆ ಇಟ್ಟರು, ಎರಡು ಏಜೆಂಟ್‌ಗಳು ಒಂದರ ಕೆಲಸ ಮಾಡಿದವು. ಏಜೆಂಟ್‌ಗಳ ಸಹಕಾರ ಹೆಚ್ಚಿದಷ್ಟೂ ಒಳ್ಳೆಯದು ಎಂದು ಕಣ್ಣುಮುಚ್ಚಿ ಬರೆಯುವ ಪ್ರಾಜೆಕ್ಟ್ ವರದಿಗಳಿಗೆ ಇದು ಒಳ್ಳೆಯ ಮದ್ದು.

ಪದವಿನ ಮೇಲಿನ ರೇಡಿಯೋಗೆ

ತಂತಿಯ ಮಾತು ಇಷ್ಟಾಯಿತು. ನಮ್ಮ ಕಡೆ ತೋಟದ ಮನೆಗಳಿಗೆ ತಂತಿ ಎಳೆಯುವುದು ದುಬಾರಿ. ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ, ಮೇಲೆ ಜಿಐ ಪೈಪ್ ನಿಲ್ಲಿಸಿ 5 ಗಿಗಾಹರ್ಟ್ಸ್ ರೇಡಿಯೋ ಕಟ್ಟುವುದುಂಟು. ಬೇಸಿಗೆಯಲ್ಲಿ ಸೊಗಸಾಗಿ ಓಡುವ ಲಿಂಕ್ ಮಳೆಗಾಲದಲ್ಲಿ ಮಂಕಾಗುತ್ತದೆ, ನಡುವೆ ಬೆಳೆದ ಮರದ ಒದ್ದೆ ಎಲೆಗಳು ಸಿಗ್ನಲ್ಲನ್ನು ನುಂಗುತ್ತವೆ. ಲಿಂಕ್ ಸತ್ತಿರುವುದಿಲ್ಲ, ಬದುಕಿಯೂ ಇರುವುದಿಲ್ಲ. ಓಎಸ್‌ಪಿಎಫ್‌ಗೆ 40 ಸೆಕೆಂಡಿನಲ್ಲಿ ಒಂದು ಹಲೋ ದಾಟಿದರೂ ಸಾಕು, ಲಿಂಕ್ ಕ್ಷೇಮವೆಂದು ಸಂಚಾರವನ್ನೆಲ್ಲ ಅಲ್ಲಿಗೇ ಸುರಿಯುತ್ತದೆ.

ಇಂಥ ಕಡೆ ನಾನು ಸೂಚಿಸುವುದು ಬ್ಯಾಟ್‌ಮ್ಯಾನ್ ಅಥವಾ ಬಾಬೆಲ್. ಬ್ಯಾಟ್‌ಮ್ಯಾನ್ ಹುಟ್ಟಿದ್ದು ಬರ್ಲಿನ್‌ನ ಫ್ರೈಫುಂಕ್ ಎಂಬ ಸಮುದಾಯ ಜಾಲದವರ ನಡುವೆ. ಅದರ ಇಂದಿನ ರೂಪ 2011ರಿಂದ ಲಿನಕ್ಸ್ ಕರ್ನಲ್ಲಿನಲ್ಲೇ ಇದೆ. ಪ್ರತಿ ನೋಡ್ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂಬ ಪುಟ್ಟ ಸಂದೇಶ ಹರಡುತ್ತದೆ. ಯಾವ ಪಕ್ಕದವರಿಂದ ಆ ಸಂದೇಶ ಹೆಚ್ಚು ಸಲ ತಪ್ಪದೆ ಬಂತೋ ಅವರ ಕಡೆಗೇ ದಾರಿ. ಯಾರ ಬಳಿಯೂ ಪೂರ್ತಿ ನಕ್ಷೆ ಇಲ್ಲ. ಗಮನಿಸಿ, ಇದು ಇರುವೆಯ ದಾಯಾದಿಯೇ. ಪುಟ್ಟ ಸಂದೇಶ ಪಟ್ಟ ಕಷ್ಟದಿಂದಲೇ ದಾರಿಯ ಗುಣ ತಿಳಿಯುವ ವಿದ್ಯೆ. ಆದರೆ ಆರಿಸಿದ ಮೇಲೆ ಒಂದೇ ದಾರಿಯಲ್ಲಿ ಕಳಿಸುತ್ತದೆ, ಟಿಸಿಪಿಗೆ ಕಿರುಕುಳ ಇಲ್ಲ. ಬಾಬೆಲ್ ರಿಪ್‌ನ ವಂಶದ್ದು, ಆದರೆ ಸುತ್ತು ಬೀಳದಂತೆ ಕಟ್ಟುನಿಟ್ಟಾದ ಷರತ್ತು ಇಟ್ಟುಕೊಂಡಿದೆ. 2021ರಲ್ಲಿ ಆರ್‌ಎಫ್‌ಸಿ 8966 ಎಂಬ ಇಂಟರ್‌ನೆಟ್ ದಾಖಲೆಯಾಗಿ ಅಧಿಕೃತ ಮಾನಕವಾಯಿತು. ತಂತಿ ಮತ್ತು ರೇಡಿಯೋ ಬೆರೆತ ಜಾಲಕ್ಕೆ ಬಾಬೆಲ್ ಹೆಚ್ಚು ಒಗ್ಗುತ್ತದೆ.

ರೇಡಿಯೋ ಜಾಲಕ್ಕೆ ಇರುವೆಯನ್ನೇ ಒಗ್ಗಿಸಿದ ಆಂಟ್‌ಹಾಕ್‌ನೆಟ್ ಕೂಡ ಇದೆ, ಡಿ ಕಾರೊ ತಂಡದ್ದೇ. ಅಧ್ಯಯನಕ್ಕೆ ಯೋಗ್ಯ. ಆದರೆ ಅಂಗಡಿಯಿಂದ ತಂದ ರೌಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿ ಹತ್ತು ನಿಮಿಷದಲ್ಲಿ ಬ್ಯಾಟ್‌ಮ್ಯಾನ್ ಅಥವಾ ಬಾಬೆಲ್ ಓಡಿಸಬಹುದು, ಇದನ್ನು ಹಾಗೆ ಓಡಿಸಲಾಗದು. ಹಳೆಯ ಬ್ರಿಸ್ಟಲ್ ಇರುವೆಗಳನ್ನು ಮಾತ್ರ ರೇಡಿಯೋಗೆ ತರಬೇಡಿ: ಅವು ಹೋಗುವಾಗಲೇ, ತಾವು ಹೊರಟು ಬಂದ ಕಡೆಗೆ ತಿರುಗಿ ಹೋಗುವ ದಾರಿಯ ಪಟ್ಟಿಯನ್ನು ತಿದ್ದುತ್ತವೆ. ಎರಡೂ ದಿಕ್ಕಿಗೆ ವೇಗ ಒಂದೇ ಇದ್ದರೆ ಇದು ಸರಿ. ಗುಡ್ಡದ ಮೇಲಿನ ದೊಡ್ಡ ಆಂಟೆನಾಗೂ ತೋಟದ ಮನೆಯ ಚಿಕ್ಕ ಡಿಶ್ಶಿಗೂ ನಡುವೆ ಹಾಗಿರುವುದಿಲ್ಲ.

ಎಲ್ಲ ರೌಟರ್‌ಗಳನ್ನೂ ಒಂದು ಕೇಂದ್ರ ಸರ್ವರಿನಿಂದ ಆಳುವ ವಿಧಾನ ದತ್ತಾಂಶ ಕೇಂದ್ರಗಳಲ್ಲಿ ಜನಪ್ರಿಯ. ಕಾಸರಗೋಡಿನಲ್ಲಿ ಸರ್ವರ್ ಇಟ್ಟು, ತುಲಾ ಮಾಸದ ಸಿಡಿಲಿಗೆ ಕಾಸರಗೋಡಿನ ದಾರಿಯೇ ಹೋದರೆ ಬದಿಯಡ್ಕಕ್ಕೆ ಅಪ್ಪಣೆ ಕೊಡುವವರು ಯಾರು? ಐದು ಊರಿನ ಜಾಲಕ್ಕೆ ಬೇಡ.

ಆರಿಸುವ ಮೊದಲು

ಕಾಸರಗೋಡು–ಬದಿಯಡ್ಕ, ಕಾಸರಗೋಡು–ಮುಳ್ಳೇರಿಯ ಎಂದು ನಾನು ಎರಡು ಗೆರೆ ಬರೆದೆ. ರೌಟರಿನ ಕಣ್ಣಿಗೂ ಅವು ಎರಡೇ. ಆದರೆ ಚೆರ್ಕಳದವರೆಗೆ ಎರಡೂ ಹೋಗುವುದು ಹೆದ್ದಾರಿಯ ಬದಿಯಲ್ಲೇ, ಬಹುಶಃ ಒಂದೇ ಕಂಬದ ಮೇಲೆ, ಇಲ್ಲವೇ ಒಂದೇ ಕಾಲುವೆಯಲ್ಲಿ. ರಸ್ತೆ ಅಗಲ ಮಾಡುವ ಜೆಸಿಬಿಗೆ ಅವು ಒಂದೇ. ಒಂದು ಸಲ ಬಕೆಟ್ ಇಳಿದರೆ ಎರಡು ದಾರಿಯೂ ಒಟ್ಟಿಗೆ ಹೋಗುತ್ತವೆ. ಇದು ಓಎಸ್‌ಪಿಎಫ್‌ಗೂ ತಿಳಿಯದು, ಇರುವೆಗಳಿಗೂ ತಿಳಿಯದು. ಮುಳ್ಳೇರಿಯದ ದಾರಿಯನ್ನು ದಿನವೂ ಅಳೆದು ಒಳ್ಳೆಯದೆಂದು ಅಂಕ ಕೊಟ್ಟ ಇರುವೆಗಳು ಚೆರ್ಕಳದ ಈಚೆ ಒಟ್ಟಿಗೆ ಸಾಯುತ್ತವೆ. ನಿಜವಾದ ಎರಡನೆಯ ದಾರಿ ಕುಂಬಳೆಯದೊಂದೇ. 2023ರಲ್ಲಿ ಉದ್ಘಾಟನೆಯಾದ ಕೇರಳ ಸರಕಾರದ ಫೈಬರ್ ಜಾಲ ಕೆ-ಫೋನ್ ಕೂಡ ವಿದ್ಯುತ್ ಮಂಡಳಿಯ ಕಂಬಗಳನ್ನೇ ಆಶ್ರಯಿಸಿರುವುದರಿಂದ, ಬೇರೆ ಕಂಪನಿಯ ಸಂಪರ್ಕ ಪಡೆದ ಮಾತ್ರಕ್ಕೆ ಬೇರೆ ದಾರಿ ಸಿಕ್ಕಿತೆಂದು ತಿಳಿಯಬೇಡಿ. ಬೈಕ್ ಹತ್ತಿ ತಂತಿ ಹೋದ ದಾರಿಯಲ್ಲೇ ಹೋಗಿ ನೋಡಿ, ಯಾವ ಯಾವ ಕಂಬ ಹಂಚಿಕೊಂಡಿವೆ ಎಂದು ಬರೆದುಕೊಳ್ಳಿ.

ಇನ್ನೊಂದು ಅಳತೆಯೂ ಬೇಕು: ದಟ್ಟಣೆ ಇರುವುದು ಎಲ್ಲಿ? ಸಂಜೆ ಬದಿಯಡ್ಕದಿಂದ ಕಾಸರಗೋಡಿನ ನಿಮ್ಮ ರೌಟರಿಗೆ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) 4 ಮಿಲಿಸೆಕೆಂಡ್ ಇದ್ದು, ಅಲ್ಲಿಂದ ಹೊರಗೆ 300ಕ್ಕೆ ಏರಿದರೆ, ತುಂಬಿರುವುದು ನೀವು ಇನ್ನೊಬ್ಬರಿಂದ ಕೊಂಡ ಇಂಟರ್‌ನೆಟ್ ಸಂಪರ್ಕ. ಒಳಗಿನ ದಾರಿಯನ್ನು ಎಷ್ಟು ಜಾಣತನದಿಂದ ಆರಿಸಿದರೂ ಅದು ಕರಗುವುದಿಲ್ಲ. ಸಣ್ಣ ಜಾಲಗಳಲ್ಲಿ ಬಹುತೇಕ ಸಲ ಕಾಣುವುದು ಇದೇ. ಒಳಗಿನ ಲಿಂಕೇ ತುಂಬುತ್ತಿದೆ, ಪಕ್ಕದ ಲಿಂಕ್ ಖಾಲಿ ಇದೆ ಎಂದು ಖಚಿತವಾದರೆ ಓಎಸ್‌ಪಿಎಫ್ ವೆಚ್ಚಗಳನ್ನು ಕೈಯಾರೆ ತಿದ್ದಿ ಎರಡಕ್ಕೂ ಹಂಚಿ. ಅರ್ಧ ದಿನದ ಕೆಲಸ.

ಹಾಗಾಗಿ ನನ್ನ ಆಯ್ಕೆ ಹೀಗೆ. ತಂತಿಯ ಜಾಲ, ಸ್ಥಿರ ನೋಡ್‌ಗಳು: ಓಎಸ್‌ಪಿಎಫ್, ಬೇಕಾದಲ್ಲಿ ಬಿಎಫ್‌ಡಿ. ರೇಡಿಯೋ ಹೆಚ್ಚಿದ್ದರೆ ಬ್ಯಾಟ್‌ಮ್ಯಾನ್ ಅಥವಾ ಬಾಬೆಲ್. ಪ್ರೋಗ್ರಾಂ ಹೊತ್ತು ತಿರುಗುವ ಏಜೆಂಟ್ ಯಾವ ಗ್ರಾಹಕ ಜಾಲಕ್ಕೂ ಬೇಡ.

ಪ್ರಾಜೆಕ್ಟ್ ಮಾಡುವವರಿಗೆ

ಪೊವ್ವಲ್‌ನ ಎಂಜಿನಿಯರಿಂಗ್ ಕಾಲೇಜಿನವರಾಗಲಿ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದವರಾಗಲಿ, ನಿಮಗೆ ನನ್ನ ಸಲಹೆ ಪೂರ್ತಿ ತಿರುಗುಮುರುಗು: ಇರುವೆಯನ್ನೇ ಆರಿಸಿಕೊಳ್ಳಿ. ಸೂತ್ರ ಚಿಕ್ಕದು, ಒಂದು ವಾರದಲ್ಲಿ ಬರೆದು ಮುಗಿಸಬಹುದು, ಎಡವಲು ಸಾಕಷ್ಟು ಜಾಗ ಇದೆ. ಜಾಲವನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಎನ್‌ಎಸ್-3 ಅಥವಾ ಓಮ್‌ನೆಟ್‌ನಲ್ಲಿ ಮಾದರಿ ಕಟ್ಟಿ. ಓಎಸ್‌ಪಿಎಫ್ ಅನ್ನು ಮಾತ್ರ ಸ್ವಂತ ಬರೆದುಕೊಂಡು ಸೋಲಿಸಬೇಡಿ. ಒಂದೇ ಯಂತ್ರದಲ್ಲಿ ಇಡೀ ಜಾಲ ಕಟ್ಟಿಕೊಡುವ ಮಿನಿನೆಟ್ ಮೇಲೆ ಎಫ್‌ಆರ್‌ಆರ್ ಎಂಬ ಮುಕ್ತ ರೌಟಿಂಗ್ ತಂತ್ರಾಂಶ ಹಾಕಿದರೆ ನಿಜವಾದ ಓಎಸ್‌ಪಿಎಫ್, ರಿಪ್, ಬಾಬೆಲ್ ಮೂರೂ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ.

ನಕ್ಷೆಗೆ ಪುಸ್ತಕದ 14 ನೋಡ್‌ಗಳ ಅಮೆರಿಕವನ್ನೇ ಯಾಕೆ ತರಬೇಕು? ಮೇಲಿನ ಐದು ಊರಿಗೆ ಉಪ್ಪಳ, ಮಂಜೇಶ್ವರ ಸೇರಿಸಿ. ಸಂಚಾರವನ್ನು ಮೂರು ಬಗೆಯಲ್ಲಿ ಹರಿಸಿ: ಸಮನಾಗಿ, ಒಂದೇ ಗುರಿಗೆ, ಇದ್ದಕ್ಕಿದ್ದಂತೆ ಉಕ್ಕುವಂತೆ. ಟಿಸಿಪಿ ಇಟ್ಟು ಒಮ್ಮೆ, ಇಡದೆ ಒಮ್ಮೆ ಓಡಿಸಿ; ಎರಡರ ನಡುವಿನ ಅಂತರವೇ ನಿಮ್ಮ ವರದಿಯ ಅತ್ಯುತ್ತಮ ಪುಟವಾಗುತ್ತದೆ. ಚೆರ್ಕಳದ ಎರಡು ಲಿಂಕ್‌ಗಳನ್ನು ಒಂದೇ ಕ್ಷಣದಲ್ಲಿ ಕತ್ತರಿಸಿ, ಬದಿಯಡ್ಕದ ಪಟ್ಟಿಯಲ್ಲಿ ಕುಂಬಳೆಯ ಪಾಲು 0.9 ದಾಟಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ, ಅದೇ ಹೊತ್ತಿನಲ್ಲಿ ಓಎಸ್‌ಪಿಎಫ್ ಏನು ಮಾಡಿತೆಂಬುದನ್ನೂ. ಬಹುಮಾನದ ಪ್ರಮಾಣ 0.2ರ ಬದಲು 0.05, 0.5 ಇಟ್ಟೂ ನೋಡಿ: ಹೆಚ್ಚಿಸಿದರೆ ಬೇಗ ಕಲಿಯುತ್ತದೆ, ಅಷ್ಟೇ ಬೇಗ ತೂಗಾಡಲೂ ತೊಡಗುತ್ತದೆ. ವಿಳಂಬದ ಸರಾಸರಿಯನ್ನಷ್ಟೇ ಕೊಟ್ಟರೆ ಪರೀಕ್ಷಕರು ಒಪ್ಪಬಾರದು. ನೂರರಲ್ಲಿ 90 ಪ್ಯಾಕೆಟ್‌ಗಳು ಎಷ್ಟು ಹೊತ್ತಿನೊಳಗೆ ಮುಟ್ಟಿದವು ಎಂಬುದನ್ನೂ ಕೊಡಿ. 1998ರ ಮೂಲ ಪ್ರಯೋಗದಲ್ಲೂ ಆ ಅಂಕಿ ಇತ್ತು.